ಯಂತ್ರದ ಕಣ್ಣು, ಮನುಷ್ಯನ ಹೊಣೆ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡದ ಹಳೆಯ ಗಾದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ನಂಬಿಬಿಡಬಾರದು, ಬುದ್ಧಿಯ ಒರೆಗಲ್ಲಿಗೆ ಹಚ್ಚಿ ನೋಡಿದ ಮೇಲೆಯೇ ಒಪ್ಪಬೇಕು ಎಂಬ ವಿವೇಕ ಅದರಲ್ಲಿದೆ. ಹಿರಿಯರು ಮನುಷ್ಯನ ಕಣ್ಣನ್ನು ಕುರಿತು ಆಡಿದ ಈ ಮಾತನ್ನು ಈಗ ಮತ್ತೊಂದು ಕಣ್ಣಿಗೂ ಅನ್ವಯಿಸಬೇಕಾಗಿದೆ. ಅದು ಗಣಕಯಂತ್ರದ ಕಣ್ಣು. ಎದೆಯ ಎಕ್ಸ್‌ರೇ, ಮಿದುಳಿನ ಸ್ಕ್ಯಾನ್, ಕಣ್ಣಿನ ಒಳಪದರದ ಛಾಯಾಚಿತ್ರ ಇವುಗಳನ್ನು ವೈದ್ಯರಿಗಿಂತ ಮೊದಲು ಯಂತ್ರವೇ ಪರಿಶೀಲಿಸಿ ‘ರೋಗವುಂಟು’, ‘ರೋಗವಿಲ್ಲ’ ಎಂದು ಸೂಚಿಸುವ ಪದ್ಧತಿ ಜಗತ್ತಿನ ಅನೇಕ ಕಡೆ ಬಳಕೆಗೆ ಬಂದಿದೆ, ಭಾರತದಲ್ಲಿಯೂ ಹಬ್ಬುತ್ತಿದೆ. ಈ ಕಣ್ಣನ್ನು ಎಷ್ಟರಮಟ್ಟಿಗೆ ನಂಬಬಹುದು? ಅದು ತಪ್ಪಿದರೆ ಹೊಣೆ ಯಾರದು? ಈ ಪ್ರಶ್ನೆಗಳು ವಿಜ್ಞಾನಿಗಳಿಗೆ ಮಾತ್ರ ಮೀಸಲಾದುವಲ್ಲ. ವರದಿಯ ಲಕೋಟೆಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುವ ರೋಗಿಗೂ ಅವನ ಮನೆಯವರಿಗೂ ಇವು ಜೀವನ್ಮರಣದ ಪ್ರಶ್ನೆಗಳು.

ಎರಡು ನಾಡುಗಳ ನಂಟು

ಕೋಲ್ಕತ್ತದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ದೂರದ್ದೇನಲ್ಲ. ‘ಕಾಣುವುದು’ ಎಂಬ ಕ್ರಿಯೆಯ ಶಾಸ್ತ್ರದಲ್ಲಿ ಈ ಮಹಾನಗರಕ್ಕೂ ಕರ್ನಾಟಕಕ್ಕೂ ಹಳೆಯ ನಂಟು ಉಂಟು. ಬೌಬಜಾರ್ ಬೀದಿಯ 210ನೆಯ ನಂಬರಿನ ಕಟ್ಟಡದಲ್ಲಿ ಕೆಲಸ ಮಾಡುತ್ತ 1928ರಲ್ಲಿ ಬೆಳಕಿನ ಚದುರಿಕೆಯ ಗುಟ್ಟನ್ನು ಬಿಡಿಸಿದ ಸರ್ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿಗೆ ಹೋಗಿ ನೆಲಸಿದರು. ತಮ್ಮ ಬಾಳಿನ ಕಡೆಯ ವರ್ಷಗಳಲ್ಲಿ ಅವರು ಮನುಷ್ಯನ ಕಣ್ಣು ಬಣ್ಣವನ್ನು ಹೇಗೆ ಗ್ರಹಿಸುತ್ತದೆ ಎಂಬುದನ್ನೇ ಹಿಡಿದು ಚಿಂತಿಸಿ, ದೃಷ್ಟಿಯ ಶರೀರಶಾಸ್ತ್ರವನ್ನು ಕುರಿತ ಗ್ರಂಥವೊಂದನ್ನು 1968ರಲ್ಲಿ ಪ್ರಕಟಿಸಿದರು.

ಅವರು ಹೋದ ದಾರಿಯಲ್ಲಿ ಎದುರಾಗಿ ಬಂದವರು ಸಿ. ಆರ್. ರಾವ್. ಅಂದಿನ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ತೆಲುಗು ಮನೆಮಾತಿನ ಕುಟುಂಬವೊಂದರಲ್ಲಿ ಹುಟ್ಟಿದ ಈ ತರುಣ 1941ರಲ್ಲಿ ಕಲ್ಕತ್ತೆಗೆ ಬಂದು, ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಮುಂದೆ ವಿಶ್ವವಿಖ್ಯಾತರಾಗಿ, 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ಆಗಸ್ಟಿನಲ್ಲಿ ನೂರೆರಡರ ತುಂಬು ವಯಸ್ಸಿನಲ್ಲಿ ತೀರಿಕೊಂಡರು.

ಸಂಖ್ಯಾಶಾಸ್ತ್ರಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಮಹಲನೋಬಿಸರು 1920ರ ದಶಕದಲ್ಲಿ ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಪರಿಶೀಲಿಸುತ್ತಿದ್ದರು. ಎರಡು ಜನಸಮೂಹಗಳು ಒಂದಕ್ಕೊಂದು ಎಷ್ಟು ಹತ್ತಿರ, ಎಷ್ಟು ದೂರ ಎಂಬುದನ್ನು ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಹೇಳುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಎತ್ತರವಾದ ಮನುಷ್ಯನ ಕೈಯೂ ಸಾಮಾನ್ಯವಾಗಿ ಉದ್ದವಾಗಿಯೇ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದರೆ ಒಂದೇ ಸಂಗತಿಯನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಇಂಥ ದೋಷವನ್ನು ನಿವಾರಿಸುವ ‘ಮಹಲನೋಬಿಸ್ ದೂರ’ ಎಂಬ ಅಳತೆಗೋಲು 1936ರಲ್ಲಿ ಸಿದ್ಧರೂಪಕ್ಕೆ ಬಂತು. ಹತ್ತು ವರ್ಷಗಳ ಬಳಿಕ, 1946ರಲ್ಲಿ, ರಾವ್ ಅವರು ಕೇಂಬ್ರಿಜ್ಜಿಗೆ ಹೋಗಿ ಸೂಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಪಂಜರಗಳ ಅಳತೆಗಳಿಗೆ ಇದನ್ನೇ ಅನ್ವಯಿಸಿದರು. ಕಣ್ಣೆದುರಿಗಿರುವ ವಸ್ತು ಯಾವ ಗುಂಪಿಗೆ ಸೇರಿದ್ದು ಎಂದು ಅಳತೆಗಳ ಬಲದಿಂದ ನಿರ್ಣಯಿಸುವ ಈ ವಿದ್ಯೆಯೇ ಇಂದು ಯಂತ್ರದ ಕಣ್ಣಿಗೆ ತಳಹದಿ. ತಲೆಬುರುಡೆಯ ಜಾಗದಲ್ಲಿ ಅಕ್ಷರವನ್ನೋ ಶ್ವಾಸಕೋಶದ ಕಲೆಯನ್ನೋ ಇಟ್ಟರೆ ಪ್ರಶ್ನೆ ಅದೇ: ಇದು ಯಾವ ಗುಂಪಿನದು?

ಭಾರತದ ಮೊದಲ ಅಂಕೀಯ ಗಣಕಯಂತ್ರವೆಂದು ಹೇಳಲಾಗುವ ‘ಹೆಚ್.ಇ.ಸಿ.-2ಎಂ’ ಇಂಗ್ಲೆಂಡಿನಿಂದ ಈ ಸಂಸ್ಥೆಗೆ 1955–56ರಲ್ಲಿ ಬಂತು. 1966ರಲ್ಲಿ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾಲಯವೂ ಕೂಡಿ ‘ಇಸಿಜು-1’ ಎಂಬ ಯಂತ್ರವನ್ನು ತಾವೇ ಕಟ್ಟಿದುವು. ದ್ವಿಜೇಶ್ ದತ್ತ ಮಜುಮ್‌ದಾರರು, ಶಂಕರ್ ಕೆ. ಪಾಲರು, ಬಿದ್ಯುತ್ ಬರನ್ ಚೌಧುರಿಯವರು ಬಾರಾನಗರದ ಬಿ. ಟಿ. ರಸ್ತೆಯ ಆ ಆವರಣದಲ್ಲಿ ಚಿತ್ರಗಳನ್ನು ಓದುವ ವಿದ್ಯೆಯನ್ನು ದಶಕಗಳ ಕಾಲ ಬೆಳೆಸಿದರು. ಗಣಕದೃಷ್ಟಿ ಮತ್ತು ವಿನ್ಯಾಸ ಗುರುತಿಸುವಿಕೆಗೆಂದೇ ಮೀಸಲಾದ ಘಟಕವೊಂದು ಅಲ್ಲಿ 1994ರಲ್ಲಿ ಆರಂಭವಾಯಿತು.

ಚಿತ್ರವೆಂದರೆ ಅಂಕಿಗಳ ಹಾಸು

ಯಂತ್ರಕ್ಕೆ ಚಿತ್ರವೆಂಬುದಿಲ್ಲ, ಇರುವುದು ಅಂಕಿಗಳು ಮಾತ್ರ. ರಂಗೋಲಿ ಹಾಕುವ ಗೃಹಿಣಿ ಮೊದಲು ಚುಕ್ಕಿಗಳನ್ನು ಸಾಲುಸಾಲಾಗಿ ಇಡುವಂತೆ, ಚಿತ್ರವನ್ನು ಸಣ್ಣಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದ ಬೆಳಕಿಗೂ ಒಂದು ಅಂಕಿಯನ್ನು ಕೊಡುತ್ತಾರೆ. ಸಾಮಾನ್ಯವಾಗಿ ಕಪ್ಪಿಗೆ 0, ಬಿಳುಪಿಗೆ 255, ನಡುವಣ ಬೂದು ಛಾಯೆಗಳಿಗೆ ನಡುವಣ ಅಂಕಿಗಳು. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು, ಚಿತ್ರಬಿಂದು ಎನ್ನಬಹುದು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿ ತನ್ನ ಎಳೆಯ ಮಗನ ಭಾವಚಿತ್ರವನ್ನು ಹೀಗೆ ಗಣಕಯಂತ್ರಕ್ಕೆ ಉಣಿಸಿದನು. ಅಡ್ಡಕ್ಕೆ 176, ಉದ್ದಕ್ಕೆ 176 ಬಿಂದುಗಳು. ಒಟ್ಟು ಮೂವತ್ತೊಂದು ಸಾವಿರಕ್ಕೆ ತುಸು ಕಡಿಮೆ. ಇಂದು ಮಕ್ಕಳ ಕೈಯಲ್ಲಿರುವ ಮೊಬೈಲಿನ ಒಂದೇ ಚಿತ್ರದಲ್ಲಿ ಕೋಟಿಗಟ್ಟಲೆ ಬಿಂದುಗಳಿರುತ್ತವೆ. ಆದರೆ ಮೂಲತತ್ತ್ವ ಬದಲಾಗಿಲ್ಲ.

ವೈದ್ಯಕ್ಕೆ ಈ ವಿದ್ಯೆಯಿಂದ ಆದ ಉಪಕಾರ ಅಪಾರ. ದೇಹವನ್ನು ಕೊಯ್ಯದೆ ಒಳಗನ್ನು ಹೋಳುಹೋಳಾಗಿ ತೋರಿಸುವ ಸಿ.ಟಿ. ಸ್ಕ್ಯಾನ್ 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ತೆಗೆಯಿತು. ಹಲವು ದಿಕ್ಕುಗಳಿಂದ ಹಾಯಿಸಿದ ಎಕ್ಸ್‌ರೇಗಳ ಲೆಕ್ಕವನ್ನು ಕೂಡಿಸಿ ಗಣಕಯಂತ್ರವೇ ಆ ಚಿತ್ರವನ್ನು ರಚಿಸುತ್ತದೆ. ಈ ಸಾಧನೆಗಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಇಬ್ಬರಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಆ ಯಂತ್ರವು ಚಿತ್ರವನ್ನು ಕೊಟ್ಟು ಸುಮ್ಮನಾಗುತ್ತಿತ್ತು. ಅರ್ಥವನ್ನು ವೈದ್ಯರೇ ಹೇಳಬೇಕಾಗಿತ್ತು. ಈಗಿನ ಯಂತ್ರ ಅರ್ಥವನ್ನೂ ತಾನೇ ಹೇಳಲು ಮುಂದಾಗಿದೆ. ತೊಡಕು ಆರಂಭವಾಗುವುದು ಇಲ್ಲಿಯೇ.

ಧನವೋ ದನವೋ

ಈ ತೊಡಕನ್ನು ತಿಳಿಯಲು ಅಕ್ಷರಗಳ ಉದಾಹರಣೆಯೇ ಸುಲಭ. ಚೌಧುರಿಯವರೂ ಉಮಾಪದ ಪಾಲರೂ ಅಚ್ಚಾದ ಬಂಗಾಳಿ ಪುಟವನ್ನು ಓದುವ ಸಂಪೂರ್ಣ ವ್ಯವಸ್ಥೆಯೊಂದನ್ನು ರೂಪಿಸಿ 1998ರಲ್ಲಿ ಪ್ರಕಟಿಸಿದರು. ಬಂಗಾಳಿ ಅಕ್ಷರಗಳು ತಲೆಯ ಮೇಲಣ ಅಡ್ಡಗೆರೆಯೊಂದಕ್ಕೆ ತೂಗುಹಾಕಿದಂತೆ ಇರುವುದನ್ನು ಕೋಲ್ಕತ್ತದ ಬೀದಿಗಳಲ್ಲಿ ಓಡಾಡುವ ಕನ್ನಡಿಗರೆಲ್ಲ ಬಲ್ಲರು. ಆ ಗೆರೆಗೆ ಬಂಗಾಳಿಗರು ‘ಮಾತ್ರಾ’ ಎನ್ನುತ್ತಾರೆ. ಯಂತ್ರವು ಒಂದೊಂದು ಸಾಲಿನ ಕಪ್ಪು ಬಿಂದುಗಳನ್ನು ಎಣಿಸುತ್ತ ಬಂದರೆ ಎಲ್ಲಿ ಎಣಿಕೆ ಅತ್ಯಧಿಕವೋ ಅಲ್ಲಿ ಮಾತ್ರಾ ಇದೆಯೆಂದು ತಿಳಿಯುತ್ತದೆ. ಅದನ್ನು ಅಳಿಸಿದರೆ ಅಕ್ಷರಗಳು ಹೆಚ್ಚುಕಡಿಮೆ ಬಿಡಿಬಿಡಿಯಾಗುತ್ತವೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ!

ಇದೇ ಉಪಾಯವನ್ನು ಕನ್ನಡದ ಪುಟಕ್ಕೆ ಹೂಡಿದರೆ ಫಲಿಸದು. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ಅದರದೇ ತಲಕಟ್ಟು. ಸಾಲಿಗೆಲ್ಲ ಒಂದೇ ಗೆರೆಯಿಲ್ಲ. ಜೊತೆಗೆ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಕೊಂಬು ಕುಡಿಗಳು ಮೇಲಕ್ಕೂ ಬಲಕ್ಕೂ ಚಾಚುತ್ತವೆ. ಆದ್ದರಿಂದ ಕನ್ನಡಕ್ಕೆ ಪ್ರತ್ಯೇಕವಾಗಿಯೇ ದುಡಿಯಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ಅಶ್ವಿನ್ ಮತ್ತು ಪಿ. ಎಸ್. ಶಾಸ್ತ್ರಿ 2002ರಲ್ಲಿ ಅಚ್ಚಿನ ಕನ್ನಡವನ್ನು ಓದುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಅಲ್ಲಿಯೇ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದಲ್ಲಿ ‘ಲಿಪಿ ಜ್ಞಾನಿ’ ಎಂಬ ವ್ಯವಸ್ಥೆ ಬೆಳೆಯಿತು. ಬಂಗಾಳಿ ಬಲ್ಲ ಯಂತ್ರ ತಾನಾಗಿ ಕನ್ನಡವನ್ನು ಬಲ್ಲದಾಗಲಿಲ್ಲ. ಕನ್ನಡ ಬಲ್ಲವರು ಕುಳಿತು ಕಲಿಸಬೇಕಾಯಿತು.

ಹಳೆಯ ಪುಸ್ತಕದ ಪುಟದಲ್ಲಿ ಧೂಳಿನ ಚುಕ್ಕೆ, ಮಸಿಯ ಸಿಡಿ ಇರುವುದು ಸಹಜ. ಅವನ್ನು ತೊಡೆಯಲು ಒಂದು ಪ್ರಸಿದ್ಧ ಕ್ರಮವಿದೆ. ಪ್ರತಿಯೊಂದು ಬಿಂದುವನ್ನೂ ಅದರ ಸುತ್ತಣ ಎಂಟು ಬಿಂದುಗಳನ್ನೂ ಕೂಡಿಸಿ, ಒಂಬತ್ತು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದು, ಐದನೆಯದನ್ನು ಆ ಬಿಂದುವಿಗೆ ಕೊಡುವುದು. ಒಂಟಿಯಾಗಿ ನಿಂತ ಚುಕ್ಕೆ ನೆರೆಯವರ ನಡುವೆ ಕರಗಿಹೋಗುತ್ತದೆ, ಪುಟ ಚೊಕ್ಕಟವಾಗುತ್ತದೆ. ಆದರೆ ‘ಧ’ ಎಂಬ ಅಕ್ಷರವನ್ನು ‘ದ’ ಎಂಬುದರಿಂದ ಬೇರ್ಪಡಿಸುವುದು ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಅಚ್ಚು ಸಣ್ಣದಾಗಿ, ಶುಚಿಮಾಡುವ ಉತ್ಸಾಹ ಹೆಚ್ಚಾದರೆ ಆ ಗೀಟೂ ಧೂಳಿನೊಡನೆ ಮಾಯವಾದೀತು. ಆಗ ಪುಸ್ತಕದಲ್ಲಿದ್ದ ‘ಧನ’ ಯಂತ್ರದ ಪಾಲಿಗೆ ‘ದನ’ವಾಗುತ್ತದೆ. ಕನ್ನಡ ಬಲ್ಲವರು ನಕ್ಕು ತಿದ್ದಿಕೊಳ್ಳುತ್ತಾರೆ. ಯಂತ್ರ ನಗುವುದಿಲ್ಲ, ತಿದ್ದಿಕೊಳ್ಳುವುದೂ ಇಲ್ಲ.

ಪುಸ್ತಕದಲ್ಲಿ ಇದು ವಿನೋದ. ದೇಹದ ಚಿತ್ರದಲ್ಲಿ ವಿನೋದವಲ್ಲ. ಮಧುಮೇಹದಿಂದ ಕಣ್ಣಿನ ಒಳಪದರ, ಅಂದರೆ ಅಕ್ಷಿಪಟಲ, ಕೆಡತೊಡಗಿದಾಗ ಕಾಣುವ ಮೊದಲ ಗುರುತುಗಳಲ್ಲಿ ಒಂದು, ಅತಿ ಸೂಕ್ಷ್ಮ ರಕ್ತನಾಳಗಳು ಉಬ್ಬಿ ಆಗುವ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು. ಚಿತ್ರದಲ್ಲಿ ಅವು ಕೆಲವೇ ಬಿಂದುಗಳಷ್ಟು ಜಾಗವನ್ನು ಹಿಡಿಯುತ್ತವೆ. ಕ್ಯಾಮರಾದ ಗಾಜಿನ ಮೇಲಣ ಧೂಳೂ ಅಷ್ಟೇ ಇರುತ್ತದೆ. ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸುವವರು ಯಾರು? ಯಂತ್ರಕ್ಕೆ ಕಸವೂ ಒಂದೇ, ಕುರುಹೂ ಒಂದೇ. ಆ ತೀರ್ಮಾನವನ್ನು ಎಲ್ಲಿಯೋ ಒಂದೆಡೆ ಒಬ್ಬ ಮನುಷ್ಯ ಮಾಡಿಯೇ ಇರುತ್ತಾನೆ. ‘ಯಂತ್ರ ಹೇಳಿತು’ ಎಂಬ ಮಾತಿನ ಹಿಂದೆ ಅಡಗಿರುವುದು ಅವನ ತೀರ್ಮಾನವೇ.

ತೋರಿಸಿದ್ದನ್ನಷ್ಟೇ ಕಾಣುವ ಕಣ್ಣು

ಮೊದಮೊದಲು ವಿಜ್ಞಾನಿಗಳು ಯಾವ ಗೆರೆ, ಯಾವ ಅಂಚು, ಯಾವ ಅಳತೆಯನ್ನು ನೋಡಬೇಕೆಂದು ಯಂತ್ರಕ್ಕೆ ಬಿಡಿಸಿ ಹೇಳುತ್ತಿದ್ದರು. 2012ರಿಂದ ಈಚೆಗೆ ಮತ್ತೊಂದು ಕ್ರಮ ಮುನ್ನೆಲೆಗೆ ಬಂದಿದೆ. ಲಕ್ಷಾಂತರ ಚಿತ್ರಗಳನ್ನೂ ಅವುಗಳ ಸರಿಯುತ್ತರಗಳನ್ನೂ ಯಂತ್ರದ ಮುಂದೆ ಸುರಿದರೆ, ಯಾವ ಲಕ್ಷಣವನ್ನು ಹಿಡಿಯಬೇಕೆಂಬುದನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಫಲ ಬೆರಗು ಹುಟ್ಟಿಸುವಂಥದು. 2016ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಅಕ್ಷಿಪಟಲದ ಒಂದು ಲಕ್ಷದ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಚಿತ್ರಗಳಿಂದ ಯಂತ್ರಕ್ಕೆ ಪಾಠ ಹೇಳಿದರು. ಆ ಚಿತ್ರಗಳು ಬಂದದ್ದು ಅಮೆರಿಕದಿಂದಲೂ ಭಾರತದ ಮೂರು ಕಣ್ಣಿನ ಆಸ್ಪತ್ರೆಗಳಿಂದಲೂ: ಅರವಿಂದ, ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯ. ಐವತ್ತನಾಲ್ಕು ಮಂದಿ ನೇತ್ರವೈದ್ಯರು ಪ್ರತಿಯೊಂದು ಚಿತ್ರವನ್ನೂ ಮೂರರಿಂದ ಏಳು ಬಾರಿ ಪರಿಶೀಲಿಸಿ ಉತ್ತರ ಬರೆದಿದ್ದರು. ಪರೀಕ್ಷೆಯಲ್ಲಿ ಯಂತ್ರವು ನುರಿತ ವೈದ್ಯರಿಗೆ ಸಮನಾಗಿ ನಿಂತಿತು. ಕನ್ನಡನಾಡಿನ ರೋಗಿಗಳ ಕಣ್ಣುಗಳೂ ಯಂತ್ರಕ್ಕೆ ಗುರುಗಳಾದುವು ಎನ್ನಬೇಕು.

ಆದರೆ ಪಾಠಶಾಲೆಯ ಪರೀಕ್ಷೆ ಬೇರೆ, ಲೋಕದ ಪರೀಕ್ಷೆ ಬೇರೆ. ಇದೇ ಬಗೆಯ ಯಂತ್ರವನ್ನು ಥಾಯ್ಲೆಂಡಿನ ಹನ್ನೊಂದು ಚಿಕಿತ್ಸಾಲಯಗಳಲ್ಲಿ ಇಟ್ಟು ನೋಡಿದಾಗ, ದಾದಿಯರು ತೆಗೆದ ಚಿತ್ರಗಳಲ್ಲಿ ಐದನೆಯ ಒಂದು ಪಾಲಿಗೂ ಮಿಕ್ಕುವನ್ನು ‘ಗುಣಮಟ್ಟ ಸಾಲದು’ ಎಂದು ಅದು ಹಿಂದಕ್ಕೆ ತಳ್ಳಿತು. ಸಾಕಷ್ಟು ಕತ್ತಲು ಮಾಡಲಾಗದ ಕೋಣೆ, ಸಾಲಿನಲ್ಲಿ ಕಾದು ನಿಂತ ರೋಗಿಗಳು, ನಿಧಾನಗತಿಯ ಅಂತರಜಾಲ ಇವು ಯಾವುವೂ ಪ್ರಯೋಗಾಲಯದಲ್ಲಿ ಇರಲಿಲ್ಲ. ಇನ್ನೊಂದು ನಿದರ್ಶನ ಹೆಚ್ಚು ಎಚ್ಚರ ಹುಟ್ಟಿಸುತ್ತದೆ. ಅಮೆರಿಕದಲ್ಲಿ ಎದೆಯ ಎಕ್ಸ್‌ರೇಗಳಿಂದ ನ್ಯುಮೋನಿಯಾವನ್ನು ಗುರುತಿಸಲು ಕಲಿತ ಯಂತ್ರವೊಂದನ್ನು 2018ರಲ್ಲಿ ಪರೀಕ್ಷಿಸಿದಾಗ, ಚಿತ್ರ ಯಾವ ಆಸ್ಪತ್ರೆಯದೆಂಬುದನ್ನು ಅದು ಬಹುಮಟ್ಟಿಗೆ ತಪ್ಪಿಲ್ಲದೆ ಗುರುತಿಸಬಲ್ಲದೆಂದು ತಿಳಿದುಬಂತು. ಒಂದು ಆಸ್ಪತ್ರೆಗೆ ಹೆಚ್ಚು ರೋಗಿಗಳು, ಇನ್ನೊಂದಕ್ಕೆ ಕಡಿಮೆ ರೋಗಿಗಳು ಬರುತ್ತಿದ್ದುದರಿಂದ, ಶ್ವಾಸಕೋಶದ ಜೊತೆಗೆ ಆಸ್ಪತ್ರೆಯ ಗುರುತೂ ಅದಕ್ಕೆ ಉತ್ತರದ ಸುಳಿವಾಗುವಂತಿತ್ತು. ಹೊರಗಿನ ಆಸ್ಪತ್ರೆಯ ಚಿತ್ರಗಳು ಬಂದಾಗ ಅದರ ಜಾಣತನ ಕುಗ್ಗಿತು. ಲೆಕ್ಕ ಮಾಡದೆ ಪುಸ್ತಕದ ಹಿಂದಿನ ಉತ್ತರವನ್ನು ನೋಡಿ ಬರೆಯುವ ಹುಡುಗನಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಮುಖ ಗುರುತಿಸುವ ಯಂತ್ರಗಳಲ್ಲಿಯೂ ಹೀಗೆಯೇ ಆಗಿದೆ. ಮುಖವನ್ನು ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು 2018ರಲ್ಲಿ ಒರೆಹಚ್ಚಿದಾಗ, ಬಿಳಿಯ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಅದು ನೂರಕ್ಕೆ ಮೂವತ್ತನಾಲ್ಕನ್ನೂ ಮೀರಿತು. ಯಂತ್ರಕ್ಕೆ ಪಕ್ಷಪಾತವೆಂಬ ಭಾವನೆಯಿಲ್ಲ. ಅದಕ್ಕೆ ತೋರಿಸಿದ ಚಿತ್ರಗಳ ರಾಶಿಯಲ್ಲಿಯೇ ಪಕ್ಷಪಾತವಿತ್ತು.

ಕನ್ನಡಕ್ಕೆ ಸಂಬಂಧಿಸಿದ ನಿದರ್ಶನವೂ ಉಂಟು. 2019ರಲ್ಲಿ ಕೈಬರಹದ ಕನ್ನಡ ಅಂಕಿಗಳ ದೊಡ್ಡ ಸಂಗ್ರಹವೊಂದು ಪ್ರಕಟವಾಯಿತು. ಬೆಂಗಳೂರಿನ ಸ್ವಯಂಸೇವಕರು ಬರೆದುಕೊಟ್ಟ ಅಂಕಿಗಳು ಅದರ ಮೂಲ. ಅದರಿಂದ ಕಲಿತ ಯಂತ್ರ ಬೆಂಗಳೂರಿಗರ ಬರಹವನ್ನು ಚೆನ್ನಾಗಿಯೇ ಓದಿತು. ಕನ್ನಡ ಮನೆಮಾತಲ್ಲದವರು ಬೇರೆಡೆ ಬರೆದ ಅವೇ ಅಂಕಿಗಳನ್ನು ಮುಂದಿಟ್ಟಾಗ ಎಡವುವುದು ಬಹಳ ಹೆಚ್ಚಾಯಿತು. ಲಿಪಿಯೂ ಅದೇ, ಅಂಕಿಗಳೂ ಅವೇ. ಕೈ ಮಾತ್ರ ಬೇರೆ. ಒಂದು ‘೫’ ಅಥವಾ ‘೭’ರ ವಿಷಯದಲ್ಲಿಯೇ ಹೀಗಾದರೆ, ಊರಿಂದೂರಿಗೆ ಆಹಾರ, ಮೈಕಟ್ಟು, ರೋಗಗಳ ಹರಹು ಎಲ್ಲವೂ ಬೇರೆಯಾಗುವ ಮನುಷ್ಯದೇಹದ ವಿಷಯದಲ್ಲಿ ಎಷ್ಟು ಎಚ್ಚರ ಬೇಕು!

ಸಾವಿರ ಜನರ ಲೆಕ್ಕ

‘ನೂರಕ್ಕೆ ತೊಂಬತ್ತು ಸರಿಯಾಗಿ ಹೇಳುವ ಯಂತ್ರ’ ಎಂಬ ಜಾಹೀರಾತನ್ನು ಕಂಡಾಗ ಜನ ಮರುಳಾಗುವುದು ಸಹಜ. ಮಹಲನೋಬಿಸರ ಊರಿನಲ್ಲಿ ಇರುವವರು ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಸಾವಿರ ಜನರನ್ನು ಪರೀಕ್ಷಿಸಲಾಯಿತು, ಅವರಲ್ಲಿ ಹತ್ತು ಜನರಿಗೆ ರೋಗವಿದೆ ಎಂದು ಭಾವಿಸಿರಿ. ಯಂತ್ರವು ಹತ್ತರಲ್ಲಿ ಒಂಬತ್ತು ರೋಗಿಗಳನ್ನು ಹಿಡಿಯುತ್ತದೆ. ಆರೋಗ್ಯವಂತರಲ್ಲಿಯೂ ಹತ್ತರಲ್ಲಿ ಒಂಬತ್ತು ಜನರನ್ನು ಸರಿಯಾಗಿ ಬಿಡುತ್ತದೆ. ಆಗ ಉಳಿದ 990 ಆರೋಗ್ಯವಂತರಲ್ಲಿ 99 ಜನರಿಗೆ ‘ರೋಗವಿದೆ’ ಎಂಬ ಚೀಟಿ ಸಿಗುತ್ತದೆ. ಒಟ್ಟು 108 ಜನ ಗಾಬರಿಯಿಂದ ಮನೆಗೆ ಹೋಗುತ್ತಾರೆ. ಅವರಲ್ಲಿ ನಿಜವಾದ ರೋಗಿಗಳು ಒಂಬತ್ತೇ ಜನ. ಹತ್ತನೆಯ ರೋಗಿಯಾದರೋ ‘ಏನೂ ಇಲ್ಲ’ ಎಂಬ ನೆಮ್ಮದಿಯಿಂದ ನಿದ್ರಿಸುತ್ತಾನೆ.

ಇದರಿಂದ ಯಂತ್ರ ನಿಷ್ಪ್ರಯೋಜಕ ಎಂದು ತೀರ್ಮಾನಿಸಬೇಕಾಗಿಲ್ಲ. ಸಾವಿರ ಜನರ ಬದಲು 108 ಜನರನ್ನು ವೈದ್ಯರು ಕೂಲಂಕಷವಾಗಿ ನೋಡಿದರೆ ಸಾಕೆಂಬುದು ದೊಡ್ಡ ಉಪಕಾರವೇ. ತಜ್ಞರ ಕೊರತೆಯಿರುವ ಕಡೆ ಇದು ಜೀವ ಉಳಿಸಬಲ್ಲದು. ಕ್ಷಯರೋಗದ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇಗಳನ್ನು ಯಂತ್ರದಿಂದ ಓದಿಸಬಹುದೆಂದು, ಹದಿನೈದು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ವಿಷಯದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ್ದು ಈ ದೃಷ್ಟಿಯಿಂದಲೇ. ಅಲ್ಲಿಯೂ ಯಂತ್ರ ಬಾಗಿಲು ಕಾಯುವ ಜವಾನ. ತೀರ್ಪು ಕೊಡುವ ನ್ಯಾಯಾಧೀಶನಲ್ಲ. ಅದು ಬೊಟ್ಟು ಮಾಡಿ ತೋರಿಸಿದವರಿಗೆ ಕಫದ ಪರೀಕ್ಷೆ ಮುಂತಾದುವು ನಡೆದು ರೋಗ ಖಚಿತವಾಗಬೇಕು.

ಹೊಣೆ ಯಾರದು?

ಈ ವಿಷಯದಲ್ಲಿ ಎರಡು ಅತಿರೇಕದ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಯಂತ್ರದ ನೆರಳೂ ವೈದ್ಯಕ್ಕೆ ಸೋಕಬಾರದು ಎಂಬುದು ಒಂದು. ಇನ್ನು ವೈದ್ಯರ ಕಣ್ಣೇ ಬೇಡ ಎಂಬುದು ಮತ್ತೊಂದು. ಈ ಕ್ಷೇತ್ರದ ಹಿರಿಯ ವಿಜ್ಞಾನಿ, ಮುಂದೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜೆಫ್ರಿ ಹಿಂಟನ್ನರು, ಎಕ್ಸ್‌ರೇ ತಜ್ಞರನ್ನು ತಯಾರು ಮಾಡುವುದನ್ನೇ ನಿಲ್ಲಿಸಬೇಕೆಂದು 2016ರಲ್ಲಿ ಹೇಳಿದ್ದರು. ಅಷ್ಟು ದೊಡ್ಡವರ ಮಾತೂ ಹುಸಿಯಾಯಿತು. ತಜ್ಞರ ಅಗತ್ಯ ಇಂದಿಗೂ ತೀರಿಲ್ಲ.

ಸರಿಯಾದ ದಾರಿಯ ಮಾದರಿ ಕರ್ನಾಟಕದಲ್ಲಿಯೇ ಇದೆ. ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಶಾಶ್ವತವಾಗಿ ಕುರುಡಾಗುವ ಅಪಾಯವುಂಟು. ಸಕಾಲದಲ್ಲಿ ಕಂಡುಹಿಡಿದರೆ ಬಹುಪಾಲು ತಪ್ಪಿಸಬಹುದು. ಆದರೆ ಇದನ್ನು ಬಲ್ಲ ನೇತ್ರತಜ್ಞರು ಜಿಲ್ಲೆಗಳಲ್ಲಿ ಎಲ್ಲಿ ಸಿಗಬೇಕು? ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ಮುಂದಾಳ್ತನದಲ್ಲಿ 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮರಾ ಹೊತ್ತು ಜಿಲ್ಲಾ ಕೇಂದ್ರಗಳ ಶಿಶು ಚಿಕಿತ್ಸಾ ಘಟಕಗಳಿಗೇ ಹೋಗಿ ಎಳೆಯ ಕಣ್ಣುಗಳ ಚಿತ್ರ ತೆಗೆಯುತ್ತಾರೆ. ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿ ತುರ್ತನ್ನು ಸೂಚಿಸುತ್ತಾರೆ. ಚಿತ್ರವನ್ನು ದೂರದ ತಜ್ಞರು ನೋಡಿ ನಿರ್ಧಾರ ಹೇಳುತ್ತಾರೆ. ಇಲ್ಲಿ ಕ್ಯಾಮರಾ ಇದೆ, ಗಣಕಯಂತ್ರವಿದೆ, ಅಂತರಜಾಲವಿದೆ. ಹೊಣೆ ಹೊತ್ತವನು ಮಾತ್ರ ಮನುಷ್ಯನೇ. ಯಂತ್ರದ ಕಣ್ಣನ್ನು ಈ ಸಾಲಿನಲ್ಲಿ ಒಂದು ಮಣೆ ಹಾಕಿ ಕೂರಿಸಲು ಯಾರ ಅಡ್ಡಿಯೂ ಇರಬೇಕಾಗಿಲ್ಲ. ಆದರೆ ಅಧ್ಯಕ್ಷಪೀಠವನ್ನು ಅದಕ್ಕೆ ಬಿಟ್ಟುಕೊಡಬಾರದು.

ಆದ್ದರಿಂದ ಮೂರು ಕಟ್ಟುಪಾಡುಗಳು ಅವಶ್ಯ. ಒಂದನೆಯದಾಗಿ, ಯಂತ್ರವನ್ನು ಯಾವ ಊರಿನಲ್ಲಿ ಬಳಸುತ್ತಾರೋ ಆ ಊರಿನ ಜನರ ಚಿತ್ರಗಳ ಮೇಲೆಯೇ ಮೊದಲು ಪರೀಕ್ಷಿಸಬೇಕು. ಬೋಸ್ಟನ್ನಿನಲ್ಲಿ ತೇರ್ಗಡೆಯಾದುದು ಬಾಲಿಗಂಜಿಗೆ ಸಾಲದು. ಎರಡನೆಯದಾಗಿ, ವರದಿಯಲ್ಲಿ ಯಂತ್ರದ ಅಭಿಪ್ರಾಯವಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಬೇಕು. ಅದರ ಕೆಳಗೆ ವೈದ್ಯರೊಬ್ಬರ ರುಜು ಇರಲೇಬೇಕು. ಮೂರನೆಯದಾಗಿ, ರೋಗಿಯ ಚಿತ್ರವನ್ನು ಯಂತ್ರಕ್ಕೆ ಪಾಠ ಹೇಳಲು ಬಳಸುವ ಮುನ್ನ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಈ ಕ್ಷೇತ್ರಕ್ಕೆ ನೈತಿಕ ಮಾರ್ಗದರ್ಶನವನ್ನು 2023ರಲ್ಲಿ ಪ್ರಕಟಿಸಿದೆ. ಅದೇ ವರ್ಷ ವ್ಯಕ್ತಿಗತ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಕಾನೂನೊಂದನ್ನು ಅಂಗೀಕರಿಸಿದೆ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಕೇಳುವ ಬಾಯಿಯೂ ಬೇಕು.

ಹೊರನಾಡ ಕನ್ನಡಿಗರು ಮಾಡಬೇಕಾದದ್ದು

ಪರಸ್ಥಳದಲ್ಲಿರುವವರಿಗೆ ಕೇಳುವ ಸಂಕೋಚ ಸ್ವಲ್ಪ ಹೆಚ್ಚು. ಅದರಲ್ಲಿಯೂ ಮಕ್ಕಳ ಜೊತೆ ಇರಲು ಊರಿನಿಂದ ಬಂದ ವಯಸ್ಸಾದ ತಂದೆತಾಯಿಗಳಿಗೆ ಬಂಗಾಳಿಯೂ ಬಾರದು, ಇಂಗ್ಲಿಷಿನ ವರದಿಯೂ ಅರ್ಥವಾಗದು. ಅಂಥವರ ಜೊತೆಯಲ್ಲಿ ಹೋಗುವ ಮನೆಯವರು ‘ಈ ಚಿತ್ರವನ್ನು ಯಾರು ನೋಡಿದರು? ಹಿಂದಿನ ಚಿತ್ರದೊಡನೆ ಹೋಲಿಸಿದಿರಾ?’ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಆದ್ದರಿಂದಲೇ ಹಳೆಯ ಎಕ್ಸ್‌ರೇ, ಸ್ಕ್ಯಾನುಗಳನ್ನು ಮನೆ ಬದಲಿಸುವಾಗ ಬಿಸಾಡದೆ ತಾರೀಖಿನೊಡನೆ ಜೋಪಾನವಾಗಿ ಇಡಬೇಕು. ಮನುಷ್ಯನ ಕಣ್ಣಾಗಲಿ ಯಂತ್ರದ ಕಣ್ಣಾಗಲಿ, ರೋಗಿಯ ನಿನ್ನೆಯ ಚಿತ್ರಕ್ಕಿಂತ ಉತ್ತಮ ಸಾಕ್ಷಿ ಬೇರೊಂದಿಲ್ಲ.

ಸಕ್ಕರೆ ಕಾಯಿಲೆಯುಳ್ಳವರು ದೃಷ್ಟಿ ಚೆನ್ನಾಗಿಯೇ ಇದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಂಜು ಕವಿದ ಮೇಲೆ ಹೋದರೆ ಕಳೆದುಹೋದ ದೃಷ್ಟಿ ಮರಳುವುದು ಕಷ್ಟ. ಮೂವತ್ತನಾಲ್ಕು ವಾರ ತುಂಬುವ ಮುನ್ನ ಹುಟ್ಟಿದ, ಅಥವಾ ಹುಟ್ಟುವಾಗ ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಗಿದ ಶಿಶುವಿನ ಕಣ್ಣುಗಳನ್ನು ಮೂವತ್ತು ದಿನಗಳೊಳಗಾಗಿ ತಜ್ಞರಿಗೆ ತೋರಿಸಬೇಕು. ಇನ್ನೂ ಎಳೆಯ ಕೂಸುಗಳಾದರೆ ಎರಡು ಮೂರು ವಾರಗಳಲ್ಲಿಯೇ ತೋರಿಸಬೇಕು. ಎಂಥ ಯಂತ್ರವಾದರೂ ತನ್ನ ಮುಂದೆ ಬಂದವರ ಕಣ್ಣನ್ನು ನೋಡೀತೇ ಹೊರತು ಮನೆಯಲ್ಲಿ ಕುಳಿತವರ ಕಣ್ಣನ್ನು ನೋಡದು.

ಕನ್ನಡ ಸಂಘಗಳಿಗೂ ಇದರಲ್ಲಿ ಕೆಲಸವಿದೆ. ಸಂಖ್ಯಾಶಾಸ್ತ್ರ ಸಂಸ್ಥೆಯವರು ಕೈಬರಹದ ಬಂಗಾಳಿ ಹಾಗೂ ದೇವನಾಗರಿ ಅಂಕಿಗಳನ್ನು ಸಂಗ್ರಹಿಸಿದ್ದು ಎಲ್ಲಿಂದ? ಅಂಚೆಯ ಕಾಗದಗಳಿಂದ ಮತ್ತು ಕೆಲಸಕ್ಕೆ ಹಾಕಿದ ಅರ್ಜಿಗಳಿಂದ. ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನರ ಕೈಬರಹ ಹೀಗೆ ಶಾಸ್ತ್ರಕ್ಕೆ ಒದಗಿತು. ಕೋಲ್ಕತ್ತದ ಕನ್ನಡ ಮನೆಗಳ ಪೆಟ್ಟಿಗೆಗಳಲ್ಲಿ ಊರಿನಿಂದ ಬಂದ ಹಳೆಯ ಕಾಗದಗಳು, ಲೆಕ್ಕದ ಪುಸ್ತಕಗಳು, ಹಿಂದಿನ ಸ್ಮರಣ ಸಂಚಿಕೆಗಳು ಗೆದ್ದಲಿಗೆ ಆಹಾರವಾಗುತ್ತಿದ್ದರೆ ಅದು ಭಾಷೆಗೂ ನಷ್ಟ, ಶಾಸ್ತ್ರಕ್ಕೂ ನಷ್ಟ. ಮನೆಯವರ ಒಪ್ಪಿಗೆ ಪಡೆದು, ಖಾಸಗಿಯಾದುದನ್ನು ಬಿಟ್ಟು, ಉಳಿದುದನ್ನು ಒಳ್ಳೆಯ ಸ್ಕ್ಯಾನರಿನಿಂದ ಚಿತ್ರ ತೆಗೆಸಿ ಇಡುವುದು ಸಂಘವೊಂದರ ಶಕ್ತಿಗೆ ಮೀರಿದ ಕೆಲಸವಲ್ಲ. ಕನ್ನಡ ಓದಲು ಬಾರದ ಮೊಮ್ಮಕ್ಕಳು ನಾಳೆ ಅಜ್ಜಿಯ ಕಾಗದವನ್ನು ಯಂತ್ರದಿಂದ ಓದಿಸಿಕೊಳ್ಳಬೇಕೆಂದರೆ ಇಂಥ ಕೈಬರಹಗಳನ್ನು ಯಾರಾದರೂ ಇಂದು ಯಂತ್ರಕ್ಕೆ ತೋರಿಸಿರಬೇಕು.

ಯಂತ್ರದ ಕಣ್ಣಿಗೆ ರೆಪ್ಪೆಯಿಲ್ಲ. ಅದು ದಣಿಯುವುದಿಲ್ಲ, ನಿದ್ರಿಸುವುದಿಲ್ಲ. ಆದರೆ ಕರುಣೆಯಿಂದ ತೇವವಾಗುವುದೂ ಇಲ್ಲ, ತಪ್ಪಿದಾಗ ನಾಚಿ ತಗ್ಗುವುದೂ ಇಲ್ಲ. ಆ ಎರಡು ಗುಣಗಳು ಮನುಷ್ಯನ ಕಣ್ಣಿಗೆ ಇರುವವರೆಗೆ ಕಡೆಯ ನೋಟ ಅವನದೇ ಆಗಿರಬೇಕು. ಯಂತ್ರ ಕಂಡು ಹೇಳಲಿ. ಮನುಷ್ಯ ಪ್ರಮಾಣಿಸಿ ನೋಡಲಿ. ಹಿರಿಯರ ಗಾದೆಗೆ ಈ ಕಾಲದಲ್ಲಿ ಸಲ್ಲುವ ಅರ್ಥ ಇದೇ.